ನಿಶಿಯೊದಲ್ಲಿ ಸೀಬೆಹಣ್ಣಿನ ಮಾಚಾ

ರಾತ್ರಿಪಾಳಿ ಮುಗಿಸಿದವಳಿಗೆ
ಬೆಳಗಿನ ಎಂಟೇ ಸಂಜೆ.
ಉಗುರಿನ ಸಂದಿಯಲ್ಲಿ ಬ್ರೇಕುಗಳ ಎಣ್ಣೆ,
ಹೊರಗೆ ಆಗಸ್ಟಿನ ಜೀರುಂಡೆ,
ಯಾರೋ ನಿಲ್ಲಿಸಲು ಮರೆತ ಯಂತ್ರ.

ಬಾಗಿಲ ಹಿಡಿಗೆ ಚೀಲ ತೂಗುತ್ತಿದೆ.
ಚೀಲದೊಳಗೆ ಡಬ್ಬಿ, ಡಬ್ಬಿಯೊಳಗೆ ಹಸಿರು.
ಚೀಟಿಯಿಲ್ಲ. ಬೇಕೂ ಇಲ್ಲ.
ಯಾವ ವಾರ ಯಾವ ಕಸವೆಂದು
ಮೂರು ಸಲ ತಪ್ಪಿದ ಬ್ರೆಜಿಲಿನವಳಿಗೆ
ಮೂರನೆಯ ಮಹಡಿಯ ತೊಕುಜಿ-ಸಾನ್ ಬಿಟ್ಟು
ಇನ್ಯಾರು ಕೊಟ್ಟಾರು ಚಹಾ?

ಐವತ್ತೆರಡು ವರ್ಷ
ಚಹಾ ಬೀಸುವ ಕಲ್ಲುಗಳಿಗೆ ಹಲ್ಲು ಕಟ್ಟಿದವರು,
ತಮ್ಮವು ಉದುರಿದ ಮೇಲೂ.
ಗಂಟೆಗೆ ನಲವತ್ತು ಗ್ರಾಂ ಉದುರಿಸಿದರೆ ಕಲ್ಲು ಸಾಚಾ,
ಎಂಬತ್ತಾದರೆ ಅದು ಸುಳ್ಳು ಹೇಳುತ್ತಿದೆ, ಅನ್ನುವವರು.

ಸರಿ, ಎದ್ದೆ.
ಒಂದೂವರೆ ಚಮಚ, ಜರಡಿ ಹಿಡಿದು.
ಹಿಡಿಯದಿದ್ದರೆ ಗಂಟು ಗಂಟು,
ಲೊಂದ್ರಿನಾದ ನನ್ನ ಅತ್ತಿಗೆ ಕಾಸುವ ಜೋಳದ ಗಂಜಿ.
ಕುದಿದ ನೀರಿನ ಸಿಟ್ಟು ಇಳಿಯಲಿ ಮೊದಲು,
ಆಮೇಲೆ ಒಂದೇ ಗುಟುಕಿನಷ್ಟು.
ಬಿದಿರಿನ ಕುಂಚ ನನ್ನಲ್ಲಿಲ್ಲ;
ನೂರು ಯೆನ್ ಅಂಗಡಿಯ ಬ್ಯಾಟರಿ ಕಡೆಗೋಲಿದೆ.
ಗರ್‍ ಅಂತು.
ನೊರೆ ಬಂತು, ಮೇಜಿಗೂ ಒಂದಿಷ್ಟು.

ಕೆಳಗೆ ಬೇಕು ಕೆಂಪು.
ಗೊಯಾಬಾದಾ: ಸಕ್ಕರೆಯಲ್ಲಿ ಕಾಯಿಸಿ ಕಾಯಿಸಿ
ಚಾಕುವಿಗೂ ಅಂಟುವಷ್ಟು ಗಟ್ಟಿಯಾದ ಸೀಬೆಹಣ್ಣು,
ದುಂಡು ತಗಡಿನ ಡಬ್ಬದಲ್ಲಿ ಕಡಲು ದಾಟಿದ್ದು.
ಒಂದು ಹೋಳು ನೀರಲ್ಲಿ ಕರಗಿಸಿದೆ, ಸಣ್ಣ ಉರಿ.
ಹೋದ ಸಲ ನಿಂಬೆ ಹಿಂಡಿ ಹಾಲು ಒಡೆಸಿಕೊಂಡದ್ದು
ನೆನಪಿದೆ. ಈ ಸಲ ನಿಂಬೆ ಬುಟ್ಟಿಯಲ್ಲೇ ಇರಲಿ.

ಕೆಂಪು, ಅದರ ಮೇಲೆ ಐಸು, ಚಟ್ ಚಟ್ ಅಂದ ಐಸು,
ಹಾಲು ಬಿಳಿ, ತಣ್ಣಗೆ,
ಚಮಚದ ಬೆನ್ನ ಮೇಲಿಂದ ಹಸಿರು.
ಹಸಿರು ನಿಲ್ಲುವುದಿಲ್ಲ,
ಬೇರು ಬಿಟ್ಟಂತೆ ಎಳೆಎಳೆಯಾಗಿ ಹಾಲಿಗಿಳಿಯುತ್ತದೆ.
ಹಾಸಿಗೆಯಿಂದೆದ್ದು ಬಂದ ಜಾನಾಯ್ನಾ ಬಗ್ಗಿ ನೋಡಿದಳು:
"ನಾವು ಬ್ರೆಜಿಲು, ಮನೆ ಜಪಾನು,
ಲೋಟದಲ್ಲಿ ಮಾತ್ರ ಇಟಲಿಯ ಬಾವುಟ."

ತೊಕುಜಿ-ಸಾನ್‌ಗೆ ನಾನೇ ಮೆಟ್ಟಿಲ ಬಳಿ ಕೂಗಿದೆ.
ಬಂದರು. ಲೋಟ ನೋಡಲಿಲ್ಲ.
ಡಬ್ಬಿಯಿಂದ ಚಿಟಿಕೆ ಪುಡಿ ತೆಗೆದು
ಹೆಬ್ಬೆರಳು ತೋರುಬೆರಳ ನಡುವೆ
ಕಿವಿಯ ಹತ್ತಿರ ಹಿಡಿದು ಉಜ್ಜಿದರು.
ಮನೆಯೆಲ್ಲ ಸುಮ್ಮನಾಯಿತು, ಫ್ರಿಜ್ಜೊಂದು ಬಿಟ್ಟು.
"ಆರನೆಯ ಕಲ್ಲು," ಅಂದರು,
"ಅಂಚಿನ ಗೆರೆ ಸವೆದಿದೆ. ಹುಡುಗರಿಗೆ ಕೇಳಿಸಿಲ್ಲ."
ಉಜ್ಜಿದ ಬೆರಳು ಅಲುಗುತ್ತಲೇ ಇತ್ತು,
ಪುಡಿ ಮುಗಿದ ಮೇಲೂ.
ಆ ನಡುಕ ನಾವಿಬ್ಬರೂ ಕಾಣಲಿಲ್ಲ,
ಹಾಗೆ ಕಾಣದಿರುವುದು ನಮಗೆ ರೂಢಿ.

ಆಮೇಲೆ ಲೋಟ ಎತ್ತಿದರು, ಎರಡೂ ಕೈಯಲ್ಲಿ.
ಕಲಕಬೇಕು ಅಂದಳು ಮಗಳು. ಕಲಕಲಿಲ್ಲ.
ಮೊದಲು ಕಹಿ, ನಡುವೆ ಹಾಲು,
ಕೊನೆಗೆ ಸಿಹಿ ಬಾಯಿಗೆ ಬಂದಾಗ
ಹುಬ್ಬು ಒಂದೇ ಒಂದು ಮೇಲೆ ಹೋಯಿತು.
ಚೆನ್ನಾಗಿದೆ ಅನ್ನಲಿಲ್ಲ. ಬಿಡಲೂ ಇಲ್ಲ.
ಐಸು ತಳ ಕಂಡು ಕಿಣಿಕಿಣಿ ಅಂದದ್ದೇ
ಡಬ್ಬದ ಕಡೆ ತೋರಿಸಿ ಕೇಳಿದರು:
"ಆ ತಗಡು ಖಾಲಿಯಾದಾಗ ನನಗೆ ಕೊಡುತ್ತೀಯಾ?
ಉಳಿಗಳಿವೆ ಒಂಬತ್ತು. ಇಡಲು ಜಾಗವಿಲ್ಲ."

ಇನ್ನೂ ಅರ್ಧಕ್ಕಿಂತ ಹೆಚ್ಚಿದೆ, ಅಂದೆ.

ಅವರು ಕುರ್ಚಿ ಎಳೆದು ಕೂತರು.
ನಾನು ಮತ್ತೆ ನೀರಿಟ್ಟೆ.